ಹೆಪಟೈಟಿಸ್ ಸಿ: ಲಿವರ್‌ಗೆ ಮಾತ್ರವಲ್ಲ, ಲಿಂಫೋಮಾ ಕ್ಯಾನ್ಸರ್‌ಗೂ ಇದೆ ನಂಟು

ಹೆಪಟೈಟಿಸ್ ಸಿ ಎಂದರೆ ಲಿವರ್ ಕಾಯಿಲೆ ಎಂದಷ್ಟೇ ಬಹುತೇಕರಿಗೆ ಗೊತ್ತು. ಆದರೆ ಇದೇ ವೈರಸ್ ಬಿಳಿ ರಕ್ತಕಣಗಳಲ್ಲಿ ಹುಟ್ಟುವ 'ನಾನ್ ಹಾಡ್ಜ್‌ಕಿನ್ ಲಿಂಫೋಮಾ' ಕ್ಯಾನ್ಸರ್‌ಗೂ ಕಾರಣವಾಗಬಲ್ಲದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೇ ಇದನ್ನು ಒಪ್ಪಿಕೊಂಡಿದೆ.

ಹಾಗಂತ ಗಾಬರಿ ಬೇಡ. ಸೋಂಕಿತರಲ್ಲಿ ಹೆಚ್ಚಿನವರಿಗೆ ಲಿಂಫೋಮಾ ಬರುವುದೇ ಇಲ್ಲ. ಅಮೆರಿಕದ ಮಾಜಿ ಸೈನಿಕರ ಕುರಿತು 2007ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಸೋಂಕಿತರಿಗೆ ಈ ಕ್ಯಾನ್ಸರ್ ಬರುವ ಸಾಧ್ಯತೆ ಶೇ 20ರಿಂದ 30ರಷ್ಟು ಹೆಚ್ಚು ಎಂದು ಕಂಡುಬಂದಿತ್ತು.

ವೈರಸ್ ಮಾಡುವುದೇನು?

ನಮ್ಮ ದೇಹದಲ್ಲಿ ಪ್ರತಿಕಾಯ ತಯಾರಿಸುವುದು ಬಿ ಕಣಗಳು. ಹೆಪಟೈಟಿಸ್ ಸಿ ವೈರಸ್‌ನ ಹೊರಕವಚದ ಪ್ರೋಟೀನ್ ಈ ಕಣಗಳ ಮೇಲಿರುವ ಸಿಡಿ81 ಎಂಬ ಭಾಗಕ್ಕೆ ಅಂಟಿಕೊಳ್ಳುತ್ತದೆ. ಸೋಂಕು ಹತ್ತಾರು ವರ್ಷ ಒಳಗೇ ಉಳಿದಾಗ ಬಿ ಕಣಗಳು ಬಿಡುವಿಲ್ಲದೆ ವಿಭಜನೆಯಾಗುತ್ತಲೇ ಇರುತ್ತವೆ. ಒಂದು ಹಂತದಲ್ಲಿ ಅವುಗಳಲ್ಲಿ ಕೆಲವು ಹತೋಟಿ ತಪ್ಪಬಹುದು. ಅದಕ್ಕೂ ಮೊದಲೇ ಕೆಲವರಲ್ಲಿ ಕಾಲಿನ ಮೇಲೆ ನೇರಳೆ ಚುಕ್ಕೆ, ಕೀಲುನೋವು, ಸುಸ್ತು ಕಾಣಿಸುತ್ತದೆ. ಕ್ರಯೋಗ್ಲೋಬುಲಿನೀಮಿಯಾ ಎಂಬ ಈ ಸಮಸ್ಯೆಯನ್ನು ಚರ್ಮರೋಗವೆಂದು ತಳ್ಳಿಹಾಕುವುದೇ ಹೆಚ್ಚು.

ಈ ನಂಟಿಗೆ ಬಲವಾದ ಸಾಕ್ಷಿ ಸಿಕ್ಕಿದ್ದು ಫ್ರಾನ್ಸ್‌ನಲ್ಲಿ. ಗುಲ್ಮದ ಒಂದು ಬಗೆಯ ಲಿಂಫೋಮಾ ಜೊತೆಗೆ ಹೆಪಟೈಟಿಸ್ ಸಿ ಕೂಡ ಇದ್ದ 9 ಮಂದಿಗೆ ವೈದ್ಯರು ವೈರಸ್ ವಿರುದ್ಧದ ಇಂಟರ್‌ಫೆರಾನ್ ಕೊಟ್ಟರು. ವೈರಸ್ ಮಾಯವಾದ 7 ಮಂದಿಯಲ್ಲಿ ಕ್ಯಾನ್ಸರ್ ಕೂಡ ಹಿಮ್ಮೆಟ್ಟಿತು. ಅದೇ ಕ್ಯಾನ್ಸರ್ ಇದ್ದು ವೈರಸ್ ಇಲ್ಲದ 6 ಮಂದಿಗೆ ಅದೇ ಔಷಧ ಏನೂ ಮಾಡಲಿಲ್ಲ. 2002ರಲ್ಲಿ ಪ್ರಕಟವಾದ ಈ ಅಧ್ಯಯನ ಚಿಕ್ಕದೇ, ಆದರೆ ವೈದ್ಯರ ಯೋಚನೆಯನ್ನೇ ಬದಲಿಸಿತು. ಈಗ ನಿಧಾನವಾಗಿ ಬೆಳೆಯುವ ಲಿಂಫೋಮಾದಲ್ಲಿ ಮೊದಲು ವೈರಸ್‌ಗೆ ಚಿಕಿತ್ಸೆ ಕೊಟ್ಟು ನೋಡುವುದುಂಟು. ವೇಗವಾಗಿ ಹರಡುವ ಬಗೆಗೆ ಮಾತ್ರ ಕಿಮೋಥೆರಪಿ ತಡಮಾಡುವಂತಿಲ್ಲ.

ಗುಜರಾತ್‌ಗೆ ಏಕೆ ಮುಖ್ಯ?

ಈ ವೈರಸ್ ಹರಡುವುದು ರಕ್ತದಿಂದ. ಬಳಸಿದ ಸಿರಿಂಜ್ ಮತ್ತೆ ಬಳಸಿದರೆ ಏನಾಗುತ್ತದೆ ಎಂಬುದನ್ನು ಗುಜರಾತ್ 2009ರಲ್ಲೇ ಕಂಡಿದೆ. ಆಗ ಮೋಡಾಸಾದಲ್ಲಿ ಹೆಪಟೈಟಿಸ್ ಬಿ ಹಬ್ಬಿ ಹಲವರು ಪ್ರಾಣ ಕಳೆದುಕೊಂಡಿದ್ದರು. ಅದು ಬೇರೆ ವೈರಸ್, ದಾರಿ ಮಾತ್ರ ಒಂದೇ. ಸಿಂಧಿ, ಲೋಹಾಣಾ ಸಮುದಾಯಗಳಲ್ಲಿ ಥಲಸ್ಸೆಮಿಯಾ ಹೆಚ್ಚು. ಈ ಮಕ್ಕಳಿಗೆ ಕೆಲವೇ ವಾರಗಳಿಗೊಮ್ಮೆ ರಕ್ತ ಬೇಕು. ದೇಶದಲ್ಲಿ ದಾನದ ರಕ್ತಕ್ಕೆ ಹೆಪಟೈಟಿಸ್ ಸಿ ಪರೀಕ್ಷೆ ಕಡ್ಡಾಯವಾದದ್ದು 2001ರಲ್ಲಿ. ಅದಕ್ಕೂ ಮೊದಲು ರಕ್ತ ಪಡೆದವರು, ಡಯಾಲಿಸಿಸ್‌ನಲ್ಲಿರುವವರು ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಔಷಧದ ಕಥೆಯಲ್ಲೂ ಅಹಮದಾಬಾದ್‌ಗೆ ಪಾಲಿದೆ. ಅಮೆರಿಕದಲ್ಲಿ 12 ವಾರಕ್ಕೆ 84,000 ಡಾಲರ್ ಬೆಲೆಯಿದ್ದ ಸೋಫೋಸ್ಬುವಿರ್ ಅನ್ನು ಭಾರತದಲ್ಲಿ ತಯಾರಿಸಲು 2014ರಲ್ಲಿ ಪರವಾನಗಿ ಪಡೆದ ಕಂಪನಿಗಳಲ್ಲಿ ಅಹಮದಾಬಾದ್‌ನ ಕ್ಯಾಡಿಲಾ ಹೆಲ್ತ್‌ಕೇರ್, ಬೆಂಗಳೂರಿನ ಸ್ಟ್ರೈಡ್ಸ್ ಎರಡೂ ಇದ್ದವು. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಈ ಚಿಕಿತ್ಸೆ ಈಗ ಉಚಿತ. ಅಲ್ಲಿ ನೆಲೆಸಿರುವ ಕನ್ನಡಿಗರು ಅಹಮದಾಬಾದ್‌ನ ಸಿವಿಲ್ ಆಸ್ಪತ್ರೆ, ವಡೋದರಾದ ಎಸ್‌ಎಸ್‌ಜಿ ಅಥವಾ ಸೂರತ್‌ನ ನ್ಯೂ ಸಿವಿಲ್ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಕ್ಯಾನ್ಸರ್ ಚಿಕಿತ್ಸೆಗೆ ಅಹಮದಾಬಾದ್ ಸಿವಿಲ್ ಆವರಣದಲ್ಲೇ ಗುಜರಾತ್ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದೆ.

ಪರೀಕ್ಷೆ ಹೇಗೆ?

ಮೊದಲು ಪ್ರತಿಕಾಯ ಪರೀಕ್ಷೆ. ಅದು ಪಾಸಿಟಿವ್ ಬಂದರೆ ವೈರಸ್ ಈಗಲೂ ಇದೆ ಎಂದರ್ಥವಲ್ಲ, ಕೆಲವರಲ್ಲಿ ಸೋಂಕು ತಾನಾಗಿಯೇ ಹೋಗಿರುತ್ತದೆ. ಆರ್‌ಎನ್‌ಎ ಪರೀಕ್ಷೆಯೇ ಖಚಿತ. ಕುತ್ತಿಗೆ, ಕಂಕುಳು, ತೊಡೆಸಂದಿಯಲ್ಲಿ ವಾರಗಟ್ಟಲೆ ಕರಗದ ಗಂಟು, ಬಿಡದ ಜ್ವರ, ರಾತ್ರಿ ಬೆವರು, ಕಾರಣವಿಲ್ಲದೆ ತೂಕ ಇಳಿಕೆ ಇದ್ದರೆ ವೈದ್ಯರನ್ನು ಕಾಣಿ. ಲಿಂಫೋಮಾ ಪತ್ತೆಯಾದರೆ ಕಿಮೋಗೆ ಮೊದಲು ಹೆಪಟೈಟಿಸ್ ಸಿ ಜೊತೆಗೆ ಬಿ ಪರೀಕ್ಷೆಯೂ ಆಗಿದೆಯೇ ಎಂದು ಕೇಳಿ. ಲಿಂಫೋಮಾಗೆ ಕೊಡುವ ರಿಟುಕ್ಸಿಮ್ಯಾಬ್ ಔಷಧದಿಂದ ಮಲಗಿರುವ ಹೆಪಟೈಟಿಸ್ ಬಿ ವೈರಸ್ ಎದ್ದು ಲಿವರ್‌ಗೆ ಅಪಾಯ ತರಬಹುದು.