ಅಗಸೆಯ ದಾರದಿಂದ ಲೈನ್ ಮನೆಯವರೆಗೆ



ಮೂಡಿಗೆರೆಯಿಂದ ಕಳಸದ ಕಡೆಗೆ ಬಸ್ಸಿನಲ್ಲಿ ಹೋಗುವಾಗ, ಕಾಫಿ ಗಿಡಗಳ ನಡುವೆ ಒಂದೇ ಮಾಡಿನಡಿ ಆರೆಂಟು ಬಾಗಿಲುಗಳು ಒತ್ತಾಗಿ ನಿಂತಿರುವ ಉದ್ದನೆಯ ಕಟ್ಟಡವನ್ನು ನೀವು ಕಂಡಿರುತ್ತೀರಿ. ಅದಕ್ಕೆ ನಮ್ಮಲ್ಲಿ ‘ಲೈನ್’ ಎಂದೇ ಹೆಸರು. ನಿಮ್ಮಲ್ಲಿ ಕೆಲವರು ಅಲ್ಲಿಯೇ ಹುಟ್ಟಿ ಬೆಳೆದವರೂ ಇರಬಹುದು. ಕರೆಂಟಿನ ತಂತಿಗೂ ಪಡಿತರ ಅಂಗಡಿಯ ಮುಂದಿನ ಸರದಿಗೂ ಇರುವ ಆ ಪದ ಮನೆಗೆ ಹೇಗೆ ಹೆಸರಾಯಿತು?

ಇದರ ಬೇರು ಅಗಸೆಯ ಗಿಡದಲ್ಲಿದೆ. ಲ್ಯಾಟಿನ್ ಭಾಷೆಯಲ್ಲಿ ಅಗಸೆಗೆ ‘ಲೀನುಮ್’ ಎನ್ನುತ್ತಾರೆ. ಅದರ ನಾರಿನಿಂದ ಹೊಸೆದ ದಾರವೇ ‘ಲೀನೆಅ’. ದಾರವನ್ನು ಬಿಗಿಯಾಗಿ ಎಳೆದು ಹಿಡಿದರೆ ನೇರವಾದ ಗೆರೆ ದೊರೆಯುತ್ತದಲ್ಲವೇ? ಹೀಗೆ ದಾರದ ಹೆಸರು ಗೆರೆಗೂ ಗೆರೆಯ ಹೆಸರು ಸಾಲಿಗೂ ಬಂದಿತು. ಇಂಗ್ಲಿಷಿನಲ್ಲಿ ‘ಲೈನ್’ ಎಂದರೆ ವಂಶವೂ ಹೌದು. ಲಿನನ್ ಬಟ್ಟೆ, ಕೋಟಿನ ಒಳಗಿನ ಲೈನಿಂಗ್ ಇದೇ ಬಳಗದವು. ಉತ್ತರ ಕರ್ನಾಟಕದವರು ರೊಟ್ಟಿಯೊಡನೆ ತಿನ್ನುವ ಅಗಸಿ ಚಟ್ನಿಯೂ ಇವುಗಳ ನೆಂಟನೇ ಎಂದರೆ ನಗಬೇಡಿ, ಗಿಡ ಅದೇ.

ಭಾರತದಲ್ಲಿ ಬ್ರಿಟಿಷ್ ಸೈನ್ಯದವರು ದಂಡಿನಲ್ಲಿ ಸಿಪಾಯಿಗಳ ಸಾಲು ವಸತಿಗಳನ್ನು ‘ಲೈನ್ಸ್’ ಎಂದು ಕರೆಯುತ್ತಿದ್ದರು. 19ನೇ ಶತಮಾನದಲ್ಲಿ ಐರೋಪ್ಯರು ನಮ್ಮ ಬೆಟ್ಟಗಳಲ್ಲಿ ಕಾಫಿ ತೋಟಗಳನ್ನು ತೆರೆದು, ಮೇಸ್ತ್ರಿಗಳ ಮೂಲಕ ಮುಂಗಡ ಹಣ ಕೊಟ್ಟು, ಘಟ್ಟದ ಕೆಳಗಿನಿಂದಲೂ ಬಯಲುಸೀಮೆಯಿಂದಲೂ ಆಳುಗಳನ್ನು ಕರೆತಂದರು. ಅವರಿಗಾಗಿ ಕಟ್ಟಿದ ವಸತಿಗೂ ದಂಡಿನ ಹೆಸರೇ ಅಂಟಿಕೊಂಡಿತು. ‘ಸಾಲುಮನೆ’ ಎಂಬ ಸೊಗಸಾದ ಮಾತು ಕನ್ನಡದಲ್ಲಿದ್ದರೂ ತೋಟದಲ್ಲಿ ಗೆದ್ದದ್ದು ‘ಲೈನ್’.

ಕಾಫಿ ಸಸಿ ನೆಡುವ ಮೊದಲು ಹಗ್ಗ ಎಳೆದು, ಸಮ ಅಂತರದಲ್ಲಿ ಗೂಟ ಹೊಡೆದು ಗುಂಡಿಯ ಜಾಗ ಗುರುತಿಸುತ್ತಾರೆ. ಆ ಕೆಲಸಕ್ಕೂ ಪ್ಲಾಂಟರುಗಳು ಇಟ್ಟ ಹೆಸರು ‘ಲೈನಿಂಗ್’. ಗಿಡ ಎಲ್ಲಿ ನಿಲ್ಲಬೇಕು, ಆಳು ಎಲ್ಲಿ ಮಲಗಬೇಕು ಎಂಬೆರಡನ್ನೂ ಒಂದೇ ಪದ ಹೇಳಿತು.

ಇನ್ನೊಂದು ಅರ್ಥವು ಪವಿತ್ರ ಗ್ರಂಥದಲ್ಲಿದೆ. 1611ರ ಇಂಗ್ಲಿಷ್ ಬೈಬಲಿನ 16ನೇ ಕೀರ್ತನೆಯಲ್ಲಿ ‘ಲೈನ್ಸ್’ ಎಂಬ ಪದ ಬರುತ್ತದೆ. ಅಲ್ಲಿನ ಮೂಲ ಹೀಬ್ರೂ ಪದ ‘ಹೆಬೆಲ್’, ಎಂದರೆ ಹಗ್ಗ. ಭೂಮಿಯನ್ನು ಹಗ್ಗದಿಂದ ಅಳೆದು ಹಂಚುತ್ತಿದ್ದುದರಿಂದ, ಹಗ್ಗವೆಂದರೆ ಒಬ್ಬನ ಪಾಲಿಗೆ ಬಂದ ನೆಲ ಎಂದೇ ಅರ್ಥವಾಯಿತು. ಕೀರ್ತನಕಾರನು ತನ್ನ ಪಾಲಿನ ನೆಲ ರಮ್ಯವಾಗಿದೆಯೆಂದು ಹರ್ಷಿಸುತ್ತಾನೆ.

ನಮ್ಮ ಗುಡ್ಡಗಳ ಲೈನಿಗೆ ಈ ಅರ್ಥ ಬರಲೇ ಇಲ್ಲ. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯಿದೆಯು ಕಾರ್ಮಿಕರಿಗೆ ವಸತಿ ಒದಗಿಸುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿತು. ಅದು ಸಣ್ಣ ಸಂಗತಿಯಲ್ಲ. ಆದರೆ ಮನೆಯು ದುಡಿಮೆಗೆ ಕಟ್ಟಿದ್ದಾಗಿತ್ತು, ದುಡಿಯುವವನಿಗೆ ಸೇರಿದ್ದಾಗಿರಲಿಲ್ಲ. ಕೆಲಸ ಮುಗಿದರೆ ಮನೆಯನ್ನೂ ಬಿಡಬೇಕು. ಅಜ್ಜಿ, ಮಗಳು, ಮೊಮ್ಮಗಳು ಒಂದೇ ಬಾಗಿಲಿನಲ್ಲಿ ಬಾಳಿದರೂ ಅಂಗಳದ ಒಂದಡಿ ನೆಲ ಅವರ ಹೆಸರಿಗೆ ಇರಲಿಲ್ಲ. ‘ಯಾವ ಊರಮ್ಮಾ?’ ಎಂದು ಇಂದಿಗೂ ಕೇಳಿ ನೋಡಿ. ಊರಿನ ಹೆಸರಿನ ಬದಲು ತೋಟದ ಹೆಸರು ಹೇಳಿ, ‘ಅಲ್ಲೇ ಲೈನಿನಲ್ಲಿ’ ಎನ್ನುವವರು ಸಿಗುತ್ತಾರೆ.