ಐದು ಲಕ್ಷದ ಕಾರ್ಡು, ಸಿಗದ ಮಾತ್ರೆ: ನಾಯಕರು ಆರೋಗ್ಯದ ಭರವಸೆಯನ್ನು ಹೇಗೆ ಮಾರುತ್ತಾರೆ?

2023ರ ಏಪ್ರಿಲ್. ವಿಧಾನಸಭಾ ಚುನಾವಣೆಯ ಪ್ರಚಾರ ಜೋರಾಗಿತ್ತು. ತುಮಕೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ಅಭ್ಯರ್ಥಿಯೊಬ್ಬರ ಹಿಂದೆ ನೋಟ್‌ಬುಕ್ ಹಿಡಿದು ನಾನೂ ಅಲೆಯುತ್ತಿದ್ದೆ. ಅರಳಿಕಟ್ಟೆ ಹತ್ತಿರ ಅವರು ಮೈಕ್ ತಗೊಂಡು, "ನಿಮ್ಮ ಮನೇಲಿ ಯಾರಿಗೇ ದೊಡ್ಡ ಕಾಯಿಲೆ ಬರಲಿ, ಐದು ಲಕ್ಷದವರೆಗೆ ಒಂದು ಪೈಸೆ ಕೊಡಬೇಕಾಗಿಲ್ಲ" ಅಂದರು. ಚಪ್ಪಾಳೆ ಬಿತ್ತು. ಜಗಲಿ ಮೇಲೆ ಕೂತಿದ್ದ ಅಜ್ಜಿಯೊಬ್ಬರು ಮಾತ್ರ, "ಐದು ಲಕ್ಷ ಇರ್ಲಿ ಕಣಪ್ಪ, ಸಕ್ಕರೆ ಕಾಯಿಲೆ ಮಾತ್ರೆ ಎರಡು ತಿಂಗಳಿಂದ ಆಸ್ಪತ್ರೇಲಿ ಇಲ್ಲ. ಹೊರಗೆ ತಗೊಳ್ಳಿ ಅಂತಾರೆ" ಅಂದರು. ಅಭ್ಯರ್ಥಿ ನಕ್ಕು, "ಅದೂ ಆಗುತ್ತೆ ಅಜ್ಜಿ, ಮೊದ್ಲು ಕಾರ್ಡ್ ಮಾಡಿಸ್ಕೊಳಿ" ಅಂತ ಹೇಳಿ ಮುಂದಿನ ಬೀದಿಗೆ ಹೊರಟರು.

ಆ ಅಜ್ಜಿ ಯಾರಿಗೆ ಓಟು ಹಾಕಿದರೋ ಗೊತ್ತಿಲ್ಲ. ಕೇಳಿದ್ದಕ್ಕೆ, "ನೋಡೋಣ, ಆವತ್ತಿಗೆ ಏನು ಮನಸ್ಸಿಗೆ ಬರುತ್ತೋ" ಅಂದಿದ್ದರು. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡುವ ಇಂಥ ಮತದಾರರನ್ನೇ ಎಲ್ಲ ಪಕ್ಷಗಳೂ ಹುಡುಕುವುದು. ಪಕ್ಷದ ಕಟ್ಟಾಳುಗಳಿಗೆ ಭರವಸೆ ಬೇಕಿಲ್ಲ, ಎದುರಾಳಿಯ ಕಟ್ಟಾಳುಗಳಿಗೆ ಅದು ನಾಟುವುದಿಲ್ಲ. ಮಧ್ಯದಲ್ಲಿ ಉಳಿದವರ ಹತ್ತಿರ ಆರೋಗ್ಯದ ವಿಷಯ ಎತ್ತಿದಾಗ ನಮ್ಮ ನಾಯಕರು ಹೆಚ್ಚುಕಡಿಮೆ ಒಂದೇ ರಾಗ ಹಾಡುತ್ತಾರೆ: ಒಂದು ಕಾರ್ಡು, ಒಂದು ಮೊತ್ತ, ಒಂದು ಹೆಸರು. ಈ ರಾಗ ಎಲ್ಲಿಂದ ಬಂತು, ಯಾಕೆ ಕೆಲಸ ಮಾಡುತ್ತೆ, ಎಲ್ಲಿ ಕೈಕೊಡುತ್ತೆ ಅನ್ನೋದನ್ನು ಇಲ್ಲಿ ಬಿಡಿಸಿ ನೋಡೋಣ.

ಕಲಬುರಗಿಯಲ್ಲಿ ಓದಿದ ಡಾಕ್ಟರ್

ಸರ್ಕಾರಿ ಆರೋಗ್ಯ ವಿಮೆಯ ಕಥೆಯಲ್ಲಿ ಕರ್ನಾಟಕಕ್ಕೆ ದೊಡ್ಡ ಜಾಗ ಇದೆ. ಸಹಕಾರಿ ಸಂಘಗಳ ರೈತರಿಗಾಗಿ ತಿಂಗಳಿಗೆ ಐದು ರೂಪಾಯಿ ವಂತಿಗೆಯ ಯಶಸ್ವಿನಿ ಯೋಜನೆ ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ, 2003ರಲ್ಲಿ ಜಾರಿಗೆ ಬಂತು. ಆದರೆ ಅದನ್ನು ಸಹಕಾರಿ ಸಂಘಗಳ ಯೋಜನೆ ಅಂತಲೇ ಜನ ನೋಡಿದರು. ಆಪರೇಷನ್ನನ್ನೇ ರಾಜಕೀಯ ಭರವಸೆಯಾಗಿ ಮಾಡಿದವರು ಪಕ್ಕದ ಆಂಧ್ರದ ವೈ.ಎಸ್. ರಾಜಶೇಖರ ರೆಡ್ಡಿ.

ವೈಎಸ್ಆರ್ ಸ್ವತಃ ಡಾಕ್ಟರ್. ಎಂಬಿಬಿಎಸ್ ಓದಿದ್ದು ನಮ್ಮ ಕಲಬುರಗಿಯ ಎಂ.ಆರ್. ಮೆಡಿಕಲ್ ಕಾಲೇಜಿನಲ್ಲಿ. 2003ರಲ್ಲಿ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಪಾದಯಾತ್ರೆ ಮಾಡಿ 2004ರಲ್ಲಿ ಅಧಿಕಾರಕ್ಕೆ ಬಂದರು. ಆಮೇಲೆ ಮುಖ್ಯಮಂತ್ರಿ ಪರಿಹಾರ ನಿಧಿಗೆ ಹೃದಯ, ಕ್ಯಾನ್ಸರ್, ಕಿಡ್ನಿ ಅಂತ ಚಿಕಿತ್ಸೆಗೆ ದುಡ್ಡು ಕೇಳುವ ಅರ್ಜಿಗಳು ರಾಶಿ ಬೀಳತೊಡಗಿದವು. ಒಬ್ಬೊಬ್ಬರಿಗೆ ದಯೆಯಿಂದ ಕೊಡುತ್ತಿದ್ದುದನ್ನೇ ಹಕ್ಕಿನ ಹಾಗೆ ಕಾಣುವ ಯೋಜನೆ ಮಾಡಿದರೆ ಹೇಗೆ? 2007ರ ಏಪ್ರಿಲ್ 1ರಂದು ಮಹಬೂಬ್‌ನಗರ, ಅನಂತಪುರ, ಶ್ರೀಕಾಕುಳಂ ಜಿಲ್ಲೆಗಳಲ್ಲಿ ಆರೋಗ್ಯಶ್ರೀ ಶುರುವಾಯಿತು. ಆಸ್ಪತ್ರೆ ಬಾಗಿಲಲ್ಲಿ ಕೈಹಿಡಿದು ಕರೆದುಕೊಂಡು ಹೋಗಲು 'ಆರೋಗ್ಯ ಮಿತ್ರ'ರು ಇದ್ದರು. ಅಷ್ಟೊತ್ತಿಗಾಗಲೇ 108 ಆಂಬುಲೆನ್ಸ್ ರಸ್ತೆಗಿಳಿದಿತ್ತು.

2009ರಲ್ಲಿ ವೈಎಸ್ಆರ್ ಮತ್ತೆ ಗೆದ್ದರು. ಆರೋಗ್ಯಶ್ರೀಯೇ ಗೆಲ್ಲಿಸಿತು ಅಂತ ಹೇಳಲಾಗದು. ಕಾಂಗ್ರೆಸ್ಸಿನ ಸೀಟುಗಳು 2004ಕ್ಕಿಂತ ಕಡಿಮೆಯೇ ಆಗಿದ್ದವು. ಆದರೆ ದೇಶದ ಉಳಿದ ಮುಖ್ಯಮಂತ್ರಿಗಳು ಓದಿಕೊಂಡ ಪಾಠ ಒಂದೇ. ಅದೇ ವರ್ಷ ತಮಿಳುನಾಡಿನಲ್ಲಿ ಕರುಣಾನಿಧಿ ಕಲೈಂಜ್ಞರ್ ಹೆಸರಿನ ವಿಮೆ ತಂದರು. ಮರುವರ್ಷ ಕರ್ನಾಟಕದಲ್ಲಿ ಯಡಿಯೂರಪ್ಪ ಸರ್ಕಾರ ವಾಜಪೇಯಿ ಆರೋಗ್ಯಶ್ರೀಯನ್ನು ಶುರು ಮಾಡಿತು, ಅದೂ ಮೊದಲು ಕಲಬುರಗಿ ವಿಭಾಗದಲ್ಲೇ.

ಕಾಗದದ ಮೇಲೆ ಯಾರ ಮುಖ?

ಒಬ್ಬ ನಾಯಕನ ಜಾಗದಲ್ಲಿ ನಿಂತು ಯೋಚಿಸಿ. ತಾಲೂಕು ಆಸ್ಪತ್ರೆಗೆ ಅರಿವಳಿಕೆ ತಜ್ಞರನ್ನು ನೇಮಿಸಿದರೆ ಅದು ಯಾರಿಗೂ ಕಾಣಿಸುವುದಿಲ್ಲ. ಹೆರಿಗೆ ಸುಸೂತ್ರ ಆದ ಮನೆಯವರು ದೇವರಿಗೆ ಕೈಮುಗಿಯುತ್ತಾರೆಯೇ ಹೊರತು ಆರೋಗ್ಯ ಇಲಾಖೆಯ ನೇಮಕಾತಿ ವಿಭಾಗಕ್ಕಲ್ಲ. ಕಾರ್ಡು ಹಾಗಲ್ಲ. ಅದು ಕೈಗೆ ಸಿಗುತ್ತೆ, ಬೀರುವಿನಲ್ಲಿ ಇಡಬಹುದು, ಅದರ ಮೇಲೆ ಹೆಸರು, ಫೋಟೊ ಅಚ್ಚು ಹಾಕಬಹುದು. ಕಾಯಿಲೆ ಇಲ್ಲದವರಿಗೂ ಕೊಡಬಹುದು. ಯಾವ ಕಡೆಗೂ ವಾಲದ ಮತದಾರರಲ್ಲಿ ಬಹುಪಾಲು ಜನ ಆವತ್ತಿಗೆ ಆರೋಗ್ಯವಾಗಿಯೇ ಇರುತ್ತಾರೆ. ಅವರಿಗೆ ಮುಟ್ಟಿಸಬೇಕಾದ್ದು ಚಿಕಿತ್ಸೆಯಲ್ಲ, 'ನಾಳೆ ಏನಾದರೂ ಆದರೆ' ಅನ್ನೋ ಭಯಕ್ಕೊಂದು ಉತ್ತರ. ಆಪರೇಷನ್ನಿಗೆ ಹೊಲ ಮಾರಿದ ಒಂದು ಮನೆ ನಮ್ಮ ಪ್ರತಿ ಊರಲ್ಲೂ ಇದೆ. ಹಾಗಾಗಿ ಆ ಭಯ ಸುಳ್ಳಲ್ಲ.

ಕೇಂದ್ರದ ಆಯುಷ್ಮಾನ್ ಭಾರತ್ ವಿಮೆ 2018ರ ಸೆಪ್ಟೆಂಬರ್ 23ರಂದು ರಾಂಚಿಯಲ್ಲಿ ಚಾಲೂ ಆಯಿತು: 10.74 ಕೋಟಿ ಕುಟುಂಬ, ವರ್ಷಕ್ಕೆ ಐದು ಲಕ್ಷ. ಲೋಕಸಭಾ ಚುನಾವಣೆಗೆ ಏಳೇ ತಿಂಗಳಿತ್ತು. ಪ್ರಧಾನಿಯ ಫೋಟೊ ಇರುವ ಪತ್ರಗಳು ಮನೆಮನೆಗೆ ಹೋಗುತ್ತಿವೆ, ಖರ್ಚಿನಲ್ಲಿ ರಾಜ್ಯದ ಪಾಲಿದ್ದರೂ ಹೆಸರು ಅವರೊಬ್ಬರಿಗೇ ಅಂತ ಸಿಟ್ಟಾದ ಮಮತಾ ಬ್ಯಾನರ್ಜಿ 2019ರ ಜನವರಿಯಲ್ಲಿ ಯೋಜನೆಯಿಂದಲೇ ಹೊರಬಂದರು. ಅಲ್ಲಿ ಜಗಳ ನಡೆದದ್ದು ಚಿಕಿತ್ಸೆಯ ಬಗ್ಗೆ ಅಲ್ಲ, ಲಕೋಟೆಯ ಬಗ್ಗೆ.

ಅದೇ ಮಮತಾ, 2021ರ ವಿಧಾನಸಭಾ ಚುನಾವಣೆಗೆ ಕೆಲವೇ ತಿಂಗಳಿರುವಾಗ, ತಮ್ಮ 'ಸ್ವಾಸ್ಥ್ಯ ಸಾಥಿ' ಯೋಜನೆಯನ್ನು ರಾಜ್ಯದ ಎಲ್ಲರಿಗೂ ವಿಸ್ತರಿಸಿದರು. ಕಾರ್ಡು ಕೊಟ್ಟದ್ದು ಮನೆಯ ಹಿರಿಯ ಹೆಣ್ಣುಮಗಳ ಹೆಸರಿಗೆ. ಅತ್ತೆ-ಸೊಸೆ ಸೇರಿ 'ದುವಾರೆ ಸರ್ಕಾರ್' ಶಿಬಿರದಲ್ಲಿ ಸಾಲು ನಿಂತು ಕಾರ್ಡು ತರುವ ದೃಶ್ಯಕ್ಕಿಂತ ದೊಡ್ಡ ಜಾಹೀರಾತು ಬೇಕೇ? ಭರವಸೆಯನ್ನು ಯಾರ ಕೈಗೆ ಕೊಡಬೇಕು ಅನ್ನೋದು ಎಷ್ಟು ಕೊಡಬೇಕು ಅನ್ನೋದಕ್ಕಿಂತ ಮುಖ್ಯ ಎಂದು ಅವರಿಗೆ ಗೊತ್ತಿತ್ತು.

ಹರಾಜು

ಎಲ್ಲರ ಕೈಯಲ್ಲೂ ಕಾರ್ಡು ಇದ್ದರೆ ಆಮೇಲೆ ಉಳಿಯುವುದು ಹರಾಜು. ರಾಜಸ್ಥಾನ ಇದಕ್ಕೆ ಒಳ್ಳೆ ಉದಾಹರಣೆ. ಅಶೋಕ್ ಗೆಹ್ಲೋಟ್ 2021ರಲ್ಲಿ ಚಿರಂಜೀವಿ ವಿಮೆಯನ್ನು ಐದು ಲಕ್ಷಕ್ಕೆ ಶುರು ಮಾಡಿ, ಮುಂದೆ ಹತ್ತು ಲಕ್ಷ ಮಾಡಿ, 2023ರ ಬಜೆಟ್ಟಿನಲ್ಲಿ 25 ಲಕ್ಷಕ್ಕೆ ಏರಿಸಿದರು. ಚುನಾವಣಾ ಪ್ರಣಾಳಿಕೆಯಲ್ಲಿ ಅದು 50 ಲಕ್ಷ ಆಯಿತು. ಫಲಿತಾಂಶ: ಬಿಜೆಪಿ 115, ಕಾಂಗ್ರೆಸ್ 69. ಸೋಲಿಗೆ ಬೇರೆ ಕಾರಣಗಳೂ ಇದ್ದವು, ರಾಜಸ್ಥಾನದಲ್ಲಿ ಐದು ವರ್ಷಕ್ಕೊಮ್ಮೆ ಸರ್ಕಾರ ಬದಲಾಗೋದು ರೂಢಿ. ಆದರೂ ಒಂದು ಮಾತು ನಿಜ: ಐದು ಲಕ್ಷಕ್ಕೂ ಐವತ್ತು ಲಕ್ಷಕ್ಕೂ ಇರುವ ವ್ಯತ್ಯಾಸ ಆರೋಗ್ಯವಂತ ಮತದಾರನಿಗೆ ತಟ್ಟುವುದೇ ಇಲ್ಲ.

ನನಗೆ ಬೇಜಾರಾಗುವುದು ಬೇರೆ ವಿಷಯಕ್ಕೆ. ಇದೇ ಗೆಹ್ಲೋಟ್ ಸರ್ಕಾರ 2023ರ ಮಾರ್ಚಿನಲ್ಲಿ ಆರೋಗ್ಯ ಹಕ್ಕು ಮಸೂದೆ ಪಾಸು ಮಾಡಿತ್ತು. ತುರ್ತು ಸಂದರ್ಭದಲ್ಲಿ ಮುಂಗಡ ಕಟ್ಟಿಲ್ಲ ಅಂತ ಯಾರನ್ನೂ ವಾಪಸ್ ಕಳಿಸಬಾರದು ಅನ್ನೋದು ಅದರ ತಿರುಳು. ಖಾಸಗಿ ವೈದ್ಯರು ಎರಡು ವಾರ ಮುಷ್ಕರ ಹೂಡಿದರು, ಸರ್ಕಾರ ಅವರ ಜತೆ ರಾಜಿ ಮಾಡಿಕೊಂಡಿತು, ಚುನಾವಣೆ ಬಂದಾಗಲೂ ಕಾಯ್ದೆಗೆ ನಿಯಮಾವಳಿ ಬಂದಿರಲಿಲ್ಲ. ಕೋರ್ಟಿನಲ್ಲಿ ನಿಲ್ಲಬಹುದಾದ ಹಕ್ಕು ಮೂಲೆ ಸೇರಿತು, ಪೋಸ್ಟರಿನಲ್ಲಿ ಉಳಿದದ್ದು ಮೊತ್ತ.

2025ರ ದೆಹಲಿ ಚುನಾವಣೆಯಲ್ಲೂ ಅದೇ ಆಟ. ಹತ್ತು ವರ್ಷ ಮೊಹಲ್ಲಾ ಕ್ಲಿನಿಕ್ ತೋರಿಸುತ್ತಿದ್ದ ಕೇಜ್ರಿವಾಲ್, 60 ದಾಟಿದವರಿಗೆಲ್ಲ ಉಚಿತ ಚಿಕಿತ್ಸೆಯ 'ಸಂಜೀವನಿ' ಘೋಷಿಸಿದರು. ಬಿಜೆಪಿ, ಕೇಂದ್ರದ ಐದು ಲಕ್ಷಕ್ಕೆ ದೆಹಲಿಯ ಐದು ಲಕ್ಷ ಸೇರಿಸಿ ಹತ್ತು ಲಕ್ಷ ಅಂತು. 70ರಲ್ಲಿ 48 ಸೀಟು ಬಿಜೆಪಿಗೆ ಹೋಯಿತು.

ಕಾರ್ಡು ಸುಳ್ಳಲ್ಲ, ಅರ್ಧ

ಕಾರ್ಡುಗಳೆಲ್ಲ ಬರೀ ನಾಟಕ ಅಂತ ಬರೆದು ಮುಗಿಸಿಬಿಡುವುದು ಸುಲಭ. ಆದರೆ ಅದು ಸರಿಯಲ್ಲ. ವಾಜಪೇಯಿ ಆರೋಗ್ಯಶ್ರೀ ಇದ್ದ ಹಳ್ಳಿಗಳನ್ನೂ ಗಡಿಯಾಚೆಗಿನ, ಯೋಜನೆ ಇನ್ನೂ ತಲುಪದ ಹಳ್ಳಿಗಳನ್ನೂ ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಯಡಿ ಬರುವ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಆಗುವ ಸಾವು, ಯೋಜನೆ ಇದ್ದ ಕಡೆ ಶೇ. 64ರಷ್ಟು ಕಡಿಮೆ ಇತ್ತು. ಇದು ಸಣ್ಣ ಮಾತಲ್ಲ.

ತೊಂದರೆ ಇರುವುದು ಕಾರ್ಡಿನಲ್ಲಿಲ್ಲ, ಅದು ಎಷ್ಟು ದೂರ ಬರುತ್ತೆ ಅನ್ನೋದನ್ನು ಮುಚ್ಚಿಡುವುದರಲ್ಲಿ. ಆಯುಷ್ಮಾನ್ ದುಡ್ಡು ಕೊಡುವುದು ಆಸ್ಪತ್ರೆಗೆ ದಾಖಲಾದರೆ. ಬಿಡುಗಡೆಯಾದ ಮೇಲೆ 15 ದಿನದ ಔಷಧಿ ಸೇರುತ್ತೆ, ಹದಿನಾರನೇ ದಿನದಿಂದ ಅದು ನಿಮ್ಮ ತಲೆನೋವು. ಸಕ್ಕರೆ ಕಾಯಿಲೆಗೂ ಬಿಪಿಗೂ ತಿಂಗಳು ತಿಂಗಳು ನುಂಗುವ ಮಾತ್ರೆ, ರಕ್ತಪರೀಕ್ಷೆ, ಡಾಕ್ಟರ್ ಫೀಸು, ಬಸ್ ಚಾರ್ಜು ಇದ್ಯಾವುದೂ ಐದು ಲಕ್ಷದ ಲೆಕ್ಕಕ್ಕೆ ಬರಲ್ಲ. ಕರ್ನಾಟಕದಲ್ಲಿ ಎಪಿಎಲ್ ಕುಟುಂಬವಾದರೆ ಪ್ಯಾಕೇಜಿನ ಶೇ. 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಖಾಸಗಿ ಆಸ್ಪತ್ರೆಗೆ ಹೋಗಲು, ತುರ್ತು ಪ್ರಕರಣ ಬಿಟ್ಟರೆ, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ನಮ್ಮ ಚಿಕ್ಕಪ್ಪನ ಮಂಡಿ ಆಪರೇಷನ್ನಿಗೆ ನಾನೇ ಆ ಚೀಟಿಗಾಗಿ ಮೂರು ದಿನ ಓಡಾಡಿದ್ದೇನೆ. ಯಾವ ಭಾಷಣದಲ್ಲೂ ಆ ಚೀಟಿಯ ಹೆಸರು ಕೇಳಿಲ್ಲ.

ಸರ್ಕಾರದ್ದೇ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ, ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ನೇರವಾಗಿ ಜೇಬಿನಿಂದ ಕೊಡುವ ಪಾಲು 2013-14ರಲ್ಲಿ ಶೇ. 64.2 ಇದ್ದದ್ದು 2021-22ಕ್ಕೆ ಶೇ. 39.4ಕ್ಕೆ ಇಳಿದಿದೆ. ಇಳಿದಿರುವುದು ಒಳ್ಳೆಯದೇ. ಆದರೆ ನೂರಕ್ಕೆ ಸುಮಾರು ನಲವತ್ತು ರೂಪಾಯಿಯನ್ನು ಜನ ಇನ್ನೂ ತಾವೇ ಕೊಡುತ್ತಿದ್ದಾರೆ. 2017ರ ರಾಷ್ಟ್ರೀಯ ಆರೋಗ್ಯ ನೀತಿ, 2025ರೊಳಗೆ ಸರ್ಕಾರಗಳ ಆರೋಗ್ಯ ಖರ್ಚನ್ನು ಜಿಡಿಪಿಯ ಶೇ. 2.5ಕ್ಕೆ ಏರಿಸುತ್ತೇವೆ, ಅದರಲ್ಲಿ ಮೂರನೇ ಎರಡು ಪಾಲನ್ನು ಪ್ರಾಥಮಿಕ ಆರೋಗ್ಯಕ್ಕೆ ಇಡುತ್ತೇವೆ ಅಂದಿತ್ತು. 2021-22ರಲ್ಲಿ ಅದು ಶೇ. 1.84. ಈ ಅಂಕಿಯನ್ನು ಹಿಡಿದು ಓಟು ಕೇಳಿದ ಒಬ್ಬ ನಾಯಕನನ್ನೂ ನಾನು ನೋಡಿಲ್ಲ.

ನಮ್ಮಲ್ಲಿ ಏನಾಯಿತು?

ಹಾಗಂತ ಕಾರ್ಡು ಬಿಟ್ಟು ಆಸ್ಪತ್ರೆಯ ಮಾತು ಆಡಿದವರೇ ಇಲ್ಲ ಅಂತಲ್ಲ. 2023ರ ಕರ್ನಾಟಕವನ್ನೇ ನೋಡಿ. ಜೆಡಿಎಸ್‌ನ 'ಪಂಚರತ್ನ'ದಲ್ಲಿ ಆರೋಗ್ಯ ಒಂದು ರತ್ನ: ಪ್ರತಿ ಗ್ರಾಮ ಪಂಚಾಯಿತಿಗೆ 30 ಹಾಸಿಗೆಯ ಆಸ್ಪತ್ರೆ. ಬಿಜೆಪಿ, ಚುನಾವಣೆಗೆ ಕೆಲವು ತಿಂಗಳ ಮುಂಚೆ ನಮ್ಮ ಕ್ಲಿನಿಕ್‌ಗಳನ್ನು ತೆರೆದು, ಪ್ರಣಾಳಿಕೆಯಲ್ಲಿ ವಾರ್ಡಿಗೊಂದು ನಮ್ಮ ಕ್ಲಿನಿಕ್, ಹಿರಿಯರಿಗೆ ವರ್ಷಕ್ಕೊಮ್ಮೆ ಉಚಿತ ತಪಾಸಣೆ ಅಂತು. ಕಾಂಗ್ರೆಸ್ಸಿನ ಪ್ರಣಾಳಿಕೆಯ ಒಳಪುಟಗಳಲ್ಲಿ ಆರೋಗ್ಯದ ಮಾತು ಇದ್ದರೂ, ಮನೆಬಾಗಿಲಿಗೆ ಹಂಚಿದ ಐದು ಗ್ಯಾರಂಟಿಗಳಲ್ಲಿ ಆರೋಗ್ಯಕ್ಕೆ ಸಂಬಂಧಿಸಿದ್ದು ಒಂದೂ ಇರಲಿಲ್ಲ. ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19.

ಇದನ್ನು ನೋಡಿ 'ಜನರಿಗೆ ಆರೋಗ್ಯ ಬೇಡ' ಅಂತ ಹೇಳುವ ಚುನಾವಣಾ ಪಂಡಿತರು ಸಿಕ್ಕಿದ್ದಾರೆ. ನನಗೆ ಹಾಗನಿಸಲ್ಲ. ಎರಡು ಸಾವಿರ ರೂಪಾಯಿ ಬಂದರೆ ಬಂತು, ಬರದಿದ್ದರೆ ಇಲ್ಲ. ಒಂದೇ ತಿಂಗಳಲ್ಲಿ ಗೊತ್ತಾಗುತ್ತೆ. ಪಂಚಾಯಿತಿಗೊಂದು ಆಸ್ಪತ್ರೆ ಅಂದಾಗ, ಇರುವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮಧ್ಯಾಹ್ನದ ಮೇಲೆ ಡಾಕ್ಟರ್ ಇಲ್ಲದ್ದನ್ನು ನೋಡಿದ ಮತದಾರ ನಂಬುವುದಾದರೂ ಹೇಗೆ? ಅವನು ತಿರಸ್ಕರಿಸಿದ್ದು ಆಸ್ಪತ್ರೆಯನ್ನಲ್ಲ, ಆ ಮಾತನ್ನು.

ನಂಬಿಕೆ ಗಳಿಸಿದ ಕೆಲಸಗಳು ಸಾಮಾನ್ಯವಾಗಿ ಪೋಸ್ಟರಿನಲ್ಲಿ ಕಾಣಿಸಿಕೊಂಡಿಲ್ಲ. ತಮಿಳುನಾಡು 1994ರಲ್ಲಿ ಔಷಧಿ ಖರೀದಿಗೆಂದೇ ಒಂದು ನಿಗಮ ಕಟ್ಟಿತು: ರಾಜ್ಯಕ್ಕೆಲ್ಲ ಒಟ್ಟಿಗೆ ಖರೀದಿ, ಜಿಲ್ಲಾ ಗೋದಾಮು, ಪ್ರತಿ ಆಸ್ಪತ್ರೆಗೂ ಒಂದು ಪಾಸ್‌ಬುಕ್. ಡಿಎಂಕೆ ಬಂದರೂ ಎಐಎಡಿಎಂಕೆ ಬಂದರೂ ಅದು ನಡೆದುಕೊಂಡು ಬಂತು. ವಿಮೆಯ ಹೆಸರು ಮಾತ್ರ ಸರ್ಕಾರದ ಜತೆ ಬದಲಾಯಿತು. 2021ರಲ್ಲಿ ಸ್ಟಾಲಿನ್ ಸರ್ಕಾರ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಮನೆಬಾಗಿಲಿಗೇ ಒಯ್ಯತೊಡಗಿದ್ದು ಅಂಥ ತಳಪಾಯ ಇದ್ದದ್ದರಿಂದ. ನಮ್ಮಲ್ಲೂ 2024ರಲ್ಲಿ 'ಗೃಹ ಆರೋಗ್ಯ' ಅದೇ ದಾರಿಯಲ್ಲಿ ಶುರುವಾಗಿದೆ, ಐದು ಗ್ಯಾರಂಟಿಗಳ ಪಟ್ಟಿಯಲ್ಲಿ ಇಲ್ಲದಿದ್ದರೂ.

ನಿಮ್ಮಲ್ಲಿ ಹಲವರು ಮೊದಲ ಸಲವೋ ಎರಡನೇ ಸಲವೋ ಓಟು ಹಾಕುವವರು. ಮನೆಯವರ ಕಾರ್ಡು ಮಾಡಿಸಲು ಸೇವಾ ಕೇಂದ್ರದಲ್ಲಿ ಸಾಲು ನಿಂತವರೂ ನೀವೇ. ಮುಂದಿನ ಸಲ ಯಾರಾದರೂ ಮೊತ್ತ ಹೇಳಿದಾಗ, ದಾಖಲಾಗದೆ ಬರುವ ರೋಗಿಗೆ ಏನು ಕೊಡುತ್ತೀರಿ ಅಂತ ಕೇಳಿ. ನಮ್ಮ ತಾಲೂಕು ಆಸ್ಪತ್ರೆಯಲ್ಲಿ ಖಾಲಿ ಇರುವ ಹುದ್ದೆ ಎಷ್ಟು, ಯಾವ ತಿಂಗಳೊಳಗೆ ತುಂಬುತ್ತೀರಿ ಅಂತಲೂ ಕೇಳಿ. ನಾನು ಇದುವರೆಗೆ ಮೂವರು ಅಭ್ಯರ್ಥಿಗಳನ್ನು ಕೇಳಿದ್ದೇನೆ. ಇಬ್ಬರು ಕಾರ್ಡಿನ ಬಗ್ಗೆ ಹೇಳಿದರು. ಮೂರನೆಯವರು, "ಒಳ್ಳೆ ಪ್ರಶ್ನೆ, ಲೆಕ್ಕ ತರಿಸಿ ಹೇಳ್ತೀನಿ" ಅಂತ ನನ್ನ ಫೋನ್ ನಂಬರ್ ತಗೊಂಡರು. ಗೆದ್ದೂ ಆಯಿತು. ಫೋನ್ ಇನ್ನೂ ಬಂದಿಲ್ಲ.