ಲಂಡನ್ನಿನ ಕಂಡಕ್ಟರುಗಳೂ ನಮ್ಮ ಅಕ್ಕನೂ

ಕಳೆದ ತಿಂಗಳು ಬಂಧುಗಳೆಲ್ಲ ಸೇರಿದ್ದ ಒಂದು ಗೃಹಪ್ರವೇಶದಲ್ಲಿ ನನ್ನ ಅಕ್ಕನ ಮಾತು ಬಂದಿತು. ಮರೆವಿನ ಕಾಯಿಲೆ ಕಾಣಿಸಿಕೊಂಡು ಎರಡು ವರ್ಷಗಳಾದವು. ಈಗ ಆಕೆಗೆ ನನ್ನ ಗುರುತೂ ಹತ್ತುವುದಿಲ್ಲ. "ದಿನಾ ವಾಕಿಂಗ್ ಮಾಡಿದ್ದರೆ ಹೀಗಾಗುತ್ತಿರಲಿಲ್ಲ" ಎಂದರು ಒಬ್ಬರು. ಅಕ್ಕನ ಮಗಳು ತಲೆ ತಗ್ಗಿಸಿದಳು. ನಾನೂ ಸುಮ್ಮನಿದ್ದೆ. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನು ಸುಮ್ಮನಿರಬಾರದಿತ್ತು. ಅದಕ್ಕಾಗಿಯೇ ಈ ಲೇಖನ.

ನಡಿಗೆಯ ಹಿರಿಮೆಗೆ ನಾನು ತರಗತಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಉದಾಹರಣೆ ಕೊಡುತ್ತಿದ್ದುದು ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಆದರೆ ಶತಾಯುಷಿಯೊಬ್ಬರ ಬದುಕು ದೃಷ್ಟಾಂತವಾದೀತೇ ಹೊರತು ಪುರಾವೆಯಾಗದು.

ಪುರಾವೆಯ ಕಥೆ ಆರಂಭವಾಗುವುದು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳಲ್ಲಿ, ಅದೂ ಮಿದುಳಿನಿಂದಲ್ಲ, ಹೃದಯದಿಂದ. ದಿನವಿಡೀ ಕುಳಿತೇ ಇರುವ ಡ್ರೈವರುಗಳಿಗಿಂತ, ದಿನಕ್ಕೆ ನೂರಾರು ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಲ್ಲಿ ಹೃದಯಾಘಾತ ಕಡಿಮೆ ಎಂಬುದನ್ನು ಜೆರ್ರಿ ಮಾರಿಸ್ ಎಂಬ ವೈದ್ಯರು 1953ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ನನಗೆ ಮೆಚ್ಚುಗೆಯಾದುದು ಅವರ ಮುಂದಿನ ಹೆಜ್ಜೆ. 1956ರಲ್ಲಿ ಅವರೂ ಸಂಗಡಿಗರೂ ಸಮವಸ್ತ್ರದ ಅಳತೆಗಳನ್ನು ತೆಗೆದು ನೋಡಿದರು: ಡ್ರೈವರುಗಳ ಪ್ಯಾಂಟಿನ ಸೊಂಟವೇ ದೊಡ್ಡದು! ಹಾಗಾದರೆ ಕುಳಿತದ್ದರಿಂದ ರೋಗವೋ, ಮೊದಲೇ ಸ್ಥೂಲವಾಗಿದ್ದವರು ಡ್ರೈವರುಗಳಾದರೋ? ತಮ್ಮ ತೀರ್ಮಾನವನ್ನು ತಾವೇ ಶಂಕಿಸುವುದು ಎಲ್ಲರಿಂದಲೂ ಆಗುವ ಕೆಲಸವಲ್ಲ.

1968ರಲ್ಲಿ ಅಮೆರಿಕದ ಕೆನೆತ್ ಕೂಪರ್ ಬರೆದ ಪುಸ್ತಕದಿಂದ 'ಏರೋಬಿಕ್ಸ್' ಎಂಬ ಶಬ್ದ ಮನೆಮಾತಾಯಿತು. ಮಿದುಳಿನ ಸರದಿ ಬಂದದ್ದು ಬಹಳ ತಡವಾಗಿ. 2011ರಲ್ಲಿ ಕಿರ್ಕ್ ಎರಿಕ್ಸನ್ ಮತ್ತು ಸಂಗಡಿಗರು 120 ಮಂದಿ ಹಿರಿಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ವಾರಕ್ಕೆ ಮೂರು ದಿನ, ತಲಾ ನಲವತ್ತು ನಿಮಿಷ ಬಿರುಸಾಗಿ ನಡೆಯಿತು. ಇನ್ನೊಂದು ಕೈಕಾಲು ಚಾಚುವ ಲಘು ವ್ಯಾಯಾಮವನ್ನಷ್ಟೇ ಮಾಡಿತು. ವರ್ಷದ ಕೊನೆಗೆ, ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್ ಎಂಬ ಭಾಗ ನಡೆದವರಲ್ಲಿ ಶೇ. 2ರಷ್ಟು ಹಿಗ್ಗಿತ್ತು, ಉಳಿದವರಲ್ಲಿ ಶೇ. 1.4ರಷ್ಟು ಕುಗ್ಗಿತ್ತು. ಪತ್ರಿಕೆಗಳು ಇದನ್ನು ದೊಡ್ಡದಾಗಿ ಬರೆದವು. ಆದರೆ ನೆನಪಿನ ಪರೀಕ್ಷೆಯಲ್ಲಿ ಎರಡು ಗುಂಪುಗಳೂ ಹೆಚ್ಚುಕಡಿಮೆ ಸಮನಾಗಿ ಸುಧಾರಿಸಿದ್ದವು ಎಂಬುದೂ ಅದೇ ಪ್ರಬಂಧದಲ್ಲಿದೆ. ಅದನ್ನು ಹೇಳಿದವರು ಕಡಿಮೆ.

ಈಗ ಈ ಲೆಕ್ಕ ನಮ್ಮ ನೆರೆಯಲ್ಲೇ ನಡೆಯುತ್ತಿದೆ. ಯಶವಂತಪುರದ ಪಕ್ಕದ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು, ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ವರ್ಷ ದಾಟಿದ ಹತ್ತು ಸಾವಿರ ಹಳ್ಳಿಗರನ್ನು ದೀರ್ಘಕಾಲ ಗಮನಿಸುವ ಅಧ್ಯಯನವನ್ನು 2018ರಲ್ಲಿ ಆರಂಭಿಸಿದರು. ಲಂಡನ್ನಿನ ಕಂಡಕ್ಟರುಗಳ ಲೆಕ್ಕ ಮಾವಿನ ತೋಪಿನಲ್ಲಿ ದುಡಿದವರಿಗೆ ಹೊಂದೀತೆಂದು ಹೇಗೆ ಹೇಳುವುದು?

ಅಕ್ಕನೂ ಆ ಸೀಮೆಗೇ ಕೊಟ್ಟ ಹೆಣ್ಣು. ಬಾವಿಗೆ, ಹೊಲಕ್ಕೆ, ಸಂತೆಗೆ ಆಕೆ ನಡೆದಷ್ಟು ನಮ್ಮ ಮನೆತನದಲ್ಲಿ ಬೇರಾರೂ ನಡೆದವರಿಲ್ಲ; ಅದನ್ನು ಯಾರೂ ವಾಕಿಂಗ್ ಎಂದು ಕರೆಯಲಿಲ್ಲ, ಅಷ್ಟೇ. 2024ರಲ್ಲಿ ಲ್ಯಾನ್ಸೆಟ್ ಆಯೋಗವು ಮರೆವಿನ ಕಾಯಿಲೆಗೆ ಸಂಬಂಧಿಸಿದ, ತಿದ್ದಿಕೊಳ್ಳಬಹುದಾದ ಹದಿನಾಲ್ಕು ಅಂಶಗಳನ್ನು ಪಟ್ಟಿ ಮಾಡಿತು. ವ್ಯಾಯಾಮದ ಕೊರತೆ ಅವುಗಳಲ್ಲಿ ಒಂದು ಮಾತ್ರ. ಕಿವಿ ಮಂದವಾಗುವುದು, ರಕ್ತದೊತ್ತಡ, ಸಕ್ಕರೆ ಕಾಯಿಲೆ ಅಲ್ಲಿವೆ. ಎಳವೆಯಲ್ಲಿ ಓದು ಕಡಿಮೆಯಾದದ್ದೂ ಇದೆ. ಹದಿನಾಲ್ಕನ್ನೂ ನಿವಾರಿಸಿದರೂ ತಪ್ಪಿಸಬಹುದಾದ ಪ್ರಕರಣಗಳು ಅರ್ಧಕ್ಕಿಂತ ಕಡಿಮೆ ಎಂಬುದು ಆಯೋಗದ ಅಂದಾಜು.

ಮನೆಗೆಲಸಕ್ಕೆ ಕೈ ಬೇಕೆಂದು ಅಕ್ಕನನ್ನು ಮೂರನೆಯ ತರಗತಿಗೇ ಶಾಲೆ ಬಿಡಿಸಿದರು. ನಾನು ಬಿ.ಇಡಿ.ವರೆಗೆ ಓದಿದೆ. ಗೃಹಪ್ರವೇಶದಲ್ಲಿ ಮಾತಾಡಿದವರು ಇದನ್ನು ಓದಬೇಕೆಂದು ಕೋರುತ್ತೇನೆ.

ಯಲಹಂಕ ಕೆರೆಯ ದಂಡೆಯಲ್ಲಿ ನಾನು ಈಗಲೂ ಬೆಳಿಗ್ಗೆ ಮುಕ್ಕಾಲು ಗಂಟೆ ನಡೆಯುತ್ತೇನೆ. ಹೃದಯಕ್ಕೆ ಹಿತವೆಂಬುದಂತೂ ಖಚಿತ. ಮಿದುಳಿಗೂ ಆದೀತೆಂಬ ಆಸೆಯಿದೆ. ಭಾನುವಾರಗಳಂದು ಆರ್.ಟಿ. ನಗರದಿಂದ ಮಗಳು ಅಕ್ಕನನ್ನೂ ಕರೆತರುತ್ತಾಳೆ. ಕೈ ಹಿಡಿದು ಸ್ವಲ್ಪ ದೂರ ನಡೆಸುತ್ತೇವೆ. ಆಕೆಯ ಹೆಜ್ಜೆ ಇನ್ನೂ ನನ್ನದಕ್ಕಿಂತ ಬಿರುಸು.